ಬಳ್ಳೊಳ್ಳಿ ಬಾಳವ್ವನ ಕೈ

ನನ್ನ ಗಂಡನ ಮನೆಯಲ್ಲಿ ಬೆಳ್ಳುಳ್ಳಿಯ ಹೆಸರು ಎತ್ತುವಂತಿರಲಿಲ್ಲ. ಎತ್ತಲೇಬೇಕಾಗಿ ಬಂದರೆ ‘ಅದು’ ಎನ್ನುತ್ತಿದ್ದರು. ಪೇಟೆಯಿಂದ ಕಾಯಿಪಲ್ಯೆ ಬಂದರೆ ನನ್ನ ಅತ್ತೆ ಚಂದ್ರಭಾಗಾಬಾಯಿ ಅಂಗಳದಲ್ಲೇ ಚೀಲ ತಡೆದು, ಒಳಗೆ ‘ಅದು’ ಏನಾದರೂ ನುಸುಳಿದೆಯೇ ಎಂದು ಮೂಸಿ ನೋಡಿಯೇ ಬಿಡುತ್ತಿದ್ದರು. ಒಮ್ಮೆ ನನ್ನ ಗಂಡ ಮಧುಕರರಾಯರು ಗೆಳೆಯನ ಮನೆಯಲ್ಲಿ ‘ಅದು’ ಹಾಕಿದ ಶೇಂಗಾ ಚಟ್ನಿ ತಿಂದು ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಮೂರು ತಂಬಿಗೆ ನೀರಿನಲ್ಲಿ ಬಾಯಿ ಮುಕ್ಕಳಿಸಲು ಹಚ್ಚಿದ್ದರು. ಆಗ ಅವರಿಗೆ ಇಪ್ಪತ್ತಾರು ವರ್ಷ, ಸಾಲೆಯಲ್ಲಿ ಐವತ್ತು ಹುಡುಗರನ್ನು ನಡುಗಿಸುವ ಮಾಸ್ತರು! ಅಂಥ ಮನೆಯಲ್ಲಿ ನಾನು ದಿನಕ್ಕೆರಡು ಹೊತ್ತು ಬೆಳ್ಳುಳ್ಳಿ ತಿಂದೆ ಎಂದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ. ಒಗ್ಗರಣೆಯಲ್ಲಿ ಬೆಳ್ಳುಳ್ಳಿ ಇಲ್ಲದಿದ್ದರೆ ಅವರಿಗೆ ಸಾರು ಗಂಟಲಲ್ಲಿ ಇಳಿಯುವುದಿಲ್ಲ. ಅದು ಈ ಮನೆಗೆ ಬಂದ ದಾರಿ ಅವರಿಗೇನು ಗೊತ್ತು? ನಾನೇ ಹೇಳಿಬಿಡುತ್ತೇನೆ.

ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಮುಗಿದು ಎರಡು ವರ್ಷ ಕಳೆದಿತ್ತು. ಮಾಘ ಮಾಸ, ಹಲ್ಲು ಕಟಕಟಿಸುವ ಚಳಿ. ನನಗೆ ಹತ್ತೊಂಬತ್ತು. ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ರೂಢಿ. ಆದರೆ ನನ್ನ ಹೆತ್ತವಳು ನಾನು ಆರು ವರ್ಷದವಳಿದ್ದಾಗಲೇ ಹೋಗಿದ್ದಳು, ತವರೆಂಬುದು ಹೆಸರಿಗಷ್ಟೇ ಇತ್ತು. ಹೀಗಾಗಿ ಅನಸೂರಕರ ಗಲ್ಲಿಯ ಗಂಡನ ಮನೆಯಲ್ಲೇ, ಹಿತ್ತಲಿಗೆ ಹೊಂದಿಕೊಂಡ ಕತ್ತಲೆ ಕೋಣೆಯಲ್ಲಿ ಹೆತ್ತೆ. ಗಂಡು ಕೂಸು. ಮೂರು ದಿನವಾದರೂ ಎದೆಯಲ್ಲಿ ಹಾಲಿಳಿಯಲಿಲ್ಲ. ಕೂಸು ಅತ್ತು ಅತ್ತು ಕೊನೆಗೆ ಅಳುವುದನ್ನೂ ಬಿಟ್ಟಿತು. ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ಕೋಣೆಯಾಚೆ ನಿಂತು ಮಗನಿಗೆ ಹೇಳಿದರು:

“ಮಧೂ, ಆ ಬಾಳವ್ವನ್ನ ಕರಕೊಂಡು ಬಾ. ಔಷಧಕ್ಕ ಮಡಿ ಇಲ್ಲ.”

ಮಡಿ ಇಲ್ಲವೆಂದರೂ ಗಡಿ ಇತ್ತು. ‘ಅದು’ ಹಿತ್ತಲ ಬಾಗಿಲು ದಾಟಿ ಒಳಗೆ ಬರಕೂಡದು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಅಲ್ಲೇ ಹುರಿಯಬೇಕು. ಹುರಿದ ಕಬ್ಬಿಣದ ಕಡಾಯಿಯನ್ನು ಪೇರಲ ಗಿಡದ ಟೊಂಗೆಗೆ ತೂಗುಹಾಕಬೇಕು, ಮನೆಯ ಪಾತ್ರೆಗಳಿಗೆ ತಾಗಿಸಬಾರದು. ಹುರಿದದ್ದನ್ನು ಮುತ್ತುಗದ ಎಲೆಯಲ್ಲಿಟ್ಟು ನನ್ನ ಕೋಣೆಯ ಕಿಟಕಿಯಿಂದ ಒಳಗೆ ಕೊಡಬೇಕು. ತುಪ್ಪ ಮಾತ್ರ ಮನೆಯದು. ಅದನ್ನು ಅತ್ತೆ ಹೊಸ್ತಿಲೊಳಗೆ ನಿಂತು, ಬಾಳವ್ವ ಚಾಚಿದ ಬಟ್ಟಲಿಗೆ ಗೇಣುದ್ದ ಮೇಲಿನಿಂದ ಸುರಿಯುತ್ತಿದ್ದರು.

ಬಾಳವ್ವ ನಂದಗಡದವಳು, ಲಿಂಗಾಯತರ ಹೆಣ್ಣುಮಗಳು. ಇನ್‌ಫ್ಲುಯೆಂಜಾ ಜ್ವರದ ವರ್ಷ ಗಂಡನನ್ನು ಕಳೆದುಕೊಂಡು, ಹನ್ನೆರಡು ವರ್ಷದ ಮಗಳ ಕೈ ಹಿಡಿದು ಬೆಳಗಾವಿಗೆ ಬಂದು ಖಡೇಬಜಾರದ ಹಿಂದೆ ಒಂದು ಖೋಲಿ ಹಿಡಿದಿದ್ದಳು. ಕುಳ್ಳಗಿನ ಆಳು, ಜೋರು ಬಾಯಿ. ಕೊರಳಲ್ಲಿ ಲಿಂಗದ ಕರಡಿಗೆ, ಸೊಂಟದಲ್ಲಿ ಬೆಳ್ಳುಳ್ಳಿಯ ಚೀಲ. ಅವಳಿಗಿಂತ ಮೊದಲು ವಾಸನೆಯೇ ಓಣಿಗೆ ಬರುತ್ತಿತ್ತು. ಊರು ಅವಳನ್ನು ಬಳ್ಳೊಳ್ಳಿ ಬಾಳವ್ವ ಎಂದು ಕರೆಯಿತು. ತಮಾಷೆಯೆಂದರೆ, ಬೆಳ್ಳುಳ್ಳಿ ತಿನ್ನುವವರ ಮನೆಗೆ ಅವಳು ಬೇಕಾಗಿರಲಿಲ್ಲ. ಅಲ್ಲಿ ತಾಯಿಯೋ ಅತ್ತೆಯೋ ಹುರಿದು ಕೊಡುತ್ತಿದ್ದರು. ತಿನ್ನದವರ ಮನೆಗಳೇ ಅವಳ ಹೊಟ್ಟೆ ಹೊರೆದವು. ವರ್ಷವಿಡೀ ಮೂಗು ಮುಚ್ಚಿಕೊಳ್ಳುವ ಗಲ್ಲಿಗಳೆಲ್ಲ ಹೆರಿಗೆಯಾದೊಡನೆ ಅವಳನ್ನೇ ಕರೆಸುತ್ತಿದ್ದವು.

ಕಿಟಕಿಯಿಂದ ಅವಳ ಕೆಲಸ ನೋಡುತ್ತ ನಾನು ಹೊತ್ತು ಕಳೆಯುತ್ತಿದ್ದೆ. ನಂದಗಡದ ಸಂತೆಯ ಜವಾರಿ ಬೆಳ್ಳುಳ್ಳಿಯೇ ಆಗಬೇಕು: ಸಣ್ಣ ಎಸಳು, ನಸುಗೆಂಪು ಸಿಪ್ಪೆ, ಹಿಚುಕಿದರೆ ಕಣ್ಣಲ್ಲಿ ನೀರು ಬರಬೇಕು. ಎಸಳುಗಳಿಗೆ ಒಂದು ಹನಿ ಎಣ್ಣೆ ಸವರಿ ಮೊರದಲ್ಲಿ ಬಿಸಿಲಿಗಿಡುತ್ತಿದ್ದಳು. ಆಮೇಲೆ ಅಂಗೈಯಲ್ಲಿ ತಿಕ್ಕಿ ಊದಿದರೆ ಸಿಪ್ಪೆ ಹಾರಿಹೋಗುತ್ತಿತ್ತು. ಸಣ್ಣ ಉರಿಯಲ್ಲಿ ತುಪ್ಪ ಹಾಕಿ ಹೊಂಬಣ್ಣ ಬರುವವರೆಗೆ ಹುರಿದು, ಇಳಿಸುವಾಗ ಒಂದು ಚೂರು ಬೆಲ್ಲ. ಮೊದಲ ದಿನ ಐದು ಎಸಳು, ದಿನಕ್ಕೊಂದರಂತೆ ಏರಿಸಿ ಇಪ್ಪತ್ತಕ್ಕೆ ನಿಲ್ಲಿಸುವುದು. ಸಿಪ್ಪೆಯನ್ನು ಅಜವಾನದ ಜೊತೆ ಕೆಂಡದ ಮೇಲೆ ಹಾಕಿ ಕೂಸಿಗೆ ಹೊಗೆ. ಎರಡೆಸಳು ಕರಿದ ಎಣ್ಣೆ ಕೂಸಿನ ಎದೆಗೆ, ಬೆನ್ನಿಗೆ. ಕೆಟ್ಟ ಕಣ್ಣು ಬೀಳದಿರಲೆಂದು ತೊಟ್ಟಿಲ ಹಗ್ಗಕ್ಕೆ ಕರಿದಾರದಲ್ಲಿ ಒಂದು ಒಂಟಿ ಎಸಳಿನ ಗಡ್ಡೆ. ಕಿವಿನೋವಿರಲಿ, ಚೇಳು ಕಡಿದಿರಲಿ, ಎತ್ತಿನ ಹೊಟ್ಟೆ ಉಬ್ಬಿರಲಿ, ಅವಳು ಕೈ ಹಾಕುವುದು ಅದೇ ಚೀಲಕ್ಕೆ. ಬೆಳ್ಳುಳ್ಳಿ ತಿನ್ನತೊಡಗಿದ ಎರಡನೆಯ ದಿನಕ್ಕೆ ನನಗೆ ಹಾಲಿಳಿಯಿತು. ಕೂಸು ಮೊದಲ ಸಲ ಹೊಟ್ಟೆ ತುಂಬ ಕುಡಿದು ಮಲಗಿದಾಗ ನಾನು ಗೋಡೆಗೆ ತಲೆಯಿಟ್ಟು ಅತ್ತುಬಿಟ್ಟೆ.

ಅತ್ತೆ ಹಿತ್ತಲ ಬಾಗಿಲ ಒಳಗೆ ಮಣೆ ಹಾಕಿ, ಜಪಮಾಲೆ ಹಿಡಿದು ಕಾವಲು ಕೂರುತ್ತಿದ್ದರು. ಕೇಶ ತೆಗೆಸಿದ ತಲೆಯ ಮೇಲೆ ಕೆಂಪು ಸೆರಗು, ಬಿಗಿದ ತುಟಿ. ಒಂದು ದಿನ ಬಾಯಿ ತಡೆಯದೆ ಅಂದರು:

“ರಾಹು ಕಳ್ಳತನದಿಂದ ಅಮೃತ ಕುಡದಾಗ ದೇವರು ಅವನ ಕುತ್ತಿಗಿ ಹಾರಿಸಿದ. ಆ ರಕ್ತ ಬಿದ್ದಲ್ಲಿ ಹುಟ್ಟಿದ್ದು ಇದು. ಅದಕ್ಕ ನಾವು ಮುಟ್ಟೂದಿಲ್ಲ.”

“ಖರೇ ಐತ್ರಿ ಬಾಯಾರ,” ಎಂದಳು ಬಾಳವ್ವ, ಕಡಾಯಿಯಿಂದ ಕಣ್ಣೆತ್ತದೆ. “ಆದ್ರ ಅಮೃತ ಅಂವನ ಗಂಟಲಾಗ ಇಳದಿತ್ತಲ್ರಿ? ಹಂಗಾರ ರಕ್ತದಾಗ ಅದೂ ಒಂದ ಹನಿ ಬಿದ್ದಿರಬೇಕು. ವಾಸನಿ ರಾಕ್ಷಸಂದು, ಗುಣಾ ಅಮೃತದ್ದು.”

ಅತ್ತೆ ನಗಲಿಲ್ಲ. ಬೆರಳಲ್ಲಿದ್ದ ಮಣಿ ಮಾತ್ರ ಸ್ವಲ್ಪ ಹೊತ್ತು ಮುಂದೆ ಸರಿಯಲಿಲ್ಲ.

ಬಾಳವ್ವನ ಮಾತುಗಳಲ್ಲಿ ಒಂದಂತೂ ನಮ್ಮ ಗಲ್ಲಿಗಳಲ್ಲಿ ಶಾಸ್ತ್ರವೇ ಆಗಿಹೋಗಿತ್ತು. ಬಾಣಂತಿಗೆ ಮೊದಲ ದಿನ ಬೆಳ್ಳುಳ್ಳಿ ಸುಲಿದ ಕೈಯೇ ಹೆರಿಗೆಯ ನಲವತ್ತನೆಯ ದಿನದವರೆಗೂ ಸುಲಿಯಬೇಕು. ನಡುವೆ ಕೈ ಬದಲಾದರೆ ಹಾಲು ಬತ್ತುತ್ತದೆ. ಹೀಗಾಗಿ ಬಾಳವ್ವ ಒಮ್ಮೆ ಹಿಡಿದ ಮನೆಯನ್ನು ಇನ್ನೊಬ್ಬಳು ಹಿಡಿಯುವಂತಿರಲಿಲ್ಲ, ಬಾಳವ್ವನೂ ಬಿಟ್ಟು ಹೋಗುವಂತಿರಲಿಲ್ಲ.

ನನಗೋ ಅವಳು ಬಿಟ್ಟು ಹೋಗದಿದ್ದರೆ ಸಾಕಾಗಿತ್ತು. ನನ್ನನ್ನು ‘ಮಗಳ’ ಎನ್ನುತ್ತಿದ್ದಳು. ಎಲೆಯನ್ನು ಕಿಟಕಿಯಲ್ಲಿಟ್ಟು, ನಾನು ಕೊನೆಯ ಎಸಳು ನುಂಗುವವರೆಗೂ ಸರಳು ಹಿಡಿದು ನಿಂತಿರುತ್ತಿದ್ದಳು. ಅಳಲು ಒಬ್ಬರ ಮಡಿಲಿಲ್ಲದೆ ಬೆಳೆದವಳು ನಾನು. ಇಂದಿಗೂ ತುಪ್ಪದಲ್ಲಿ ಬೆಳ್ಳುಳ್ಳಿ ಹುರಿಯುವ ವಾಸನೆ ಬಂದರೆ ಹಿಡಿದ ಕೆಲಸ ಬಿಟ್ಟು ಕೂತುಬಿಡುತ್ತೇನೆ. ಸೊಸೆ ನನಗೆ ತಲೆ ಸುತ್ತಿತೆಂದು ನೀರು ತರುತ್ತಾಳೆ.

ಹೆರಿಗೆಯಾಗಿ ಹತ್ತು ದಿನ ಕಳೆದಿರಬೇಕು, ನಾನೇ ಕೇಳಿದೆ: “ನಿನಗ ಮಕ್ಕಳಿಲ್ಲೇನು ಬಾಳವ್ವಾ?”

“ಒಬ್ಬಾಕಿ ಅದಾಳ, ಕಾಂತಾ. ಖಾನಾಪುರಕ್ಕ ಕೊಟ್ಟೇನಿ. ಎರಡ ವರ್ಷಾತು, ನನ್ನ ಕೂಡ ಮಾತಿಲ್ಲ.”

ಕಾಂತಾಳ ಚೊಚ್ಚಲ ಹೆರಿಗೆ ಬಾಳವ್ವನ ಖೋಲಿಯಲ್ಲೇ ಆಗಬೇಕಿತ್ತು. ಆದರೆ ಆಗ ಬಾಳವ್ವ ಒಬ್ಬ ವಕೀಲರ ಸೊಸೆಗೆ ಬೆಳ್ಳುಳ್ಳಿ ಹಿಡಿದಿದ್ದಳು. ನಲವತ್ತಕ್ಕೆ ಇನ್ನೂ ಹನ್ನೆರಡು ದಿನ ಉಳಿದಿದ್ದವು. ಅದು ಮುಗಿಯಲಿ, ಬಂದು ಕರೆತರುತ್ತೇನೆ ಎಂದು ಮಗಳಿಗೆ ಹೇಳಿ ಕಳಿಸಿದಳು. ಕೂಸು ಕಾಯಲಿಲ್ಲ, ಖಾನಾಪುರದಲ್ಲೇ ಹುಟ್ಟಿತು. ಹಾಲಿಲ್ಲ, ಬೇಗ ಬಾ ಎಂದು ಸುದ್ದಿ ಬಂದರೂ ಬಾಳವ್ವ ವಕೀಲರ ಮನೆ ಬಿಡಲಿಲ್ಲ. ಒಂಬತ್ತನೆಯ ದಿನ ಕೂಸು ಹೋಯಿತು. ನಲವತ್ತು ಮುಗಿಸಿ ಅವಳು ಹೋದಾಗ ಕಾಂತಾ ಒಂದೇ ಮಾತು ಆಡಿದಳಂತೆ: “ಹಿಡದ ಕೈ ಬಿಡಾಕ ಬರೂದಿಲ್ಲಲ್ಲ ನಿನಗ. ಹೋಗು.” ಅಷ್ಟು ಹೇಳಿ ಬಾಗಿಲು ಮುಚ್ಚಿಕೊಂಡಿದ್ದಳು.

“ಈಗ ಮತ್ತ ಹೊಟ್ಟೀಲೆ ಅದಾಳಂತ,” ಎಂದಳು ಬಾಳವ್ವ. “ಮಂದಿ ಹೇಳಿದ್ದು. ನನಗ ಹೇಳಿ ಕಳಿಸಿಲ್ಲ. ತವರಿಗೂ ಬಂದಿಲ್ಲ.”

ಕಡಾಯಿಯನ್ನು ಗಿಡಕ್ಕೆ ತೂಗುಹಾಕಿ, ಅಂದು ಬೇಗ ಹೋದಳು.

ಹದಿನೆಂಟನೆಯ ದಿನ ಬೆಳಿಗ್ಗೆ ಹಿತ್ತಲ ಬೇಲಿಯ ಹತ್ತಿರ ಒಬ್ಬ ಗಂಡಸು ಬಂದು ನಿಂತ. ಕಾಂತಾಳ ಗಂಡ ದುಂಡಪ್ಪ, ಖಾನಾಪುರದಲ್ಲಿ ಕಟ್ಟಿಗೆಯ ಗಾಡಿ ಹೊಡೆಯುವವನು. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು.

“ಅತ್ತೀ, ಕಾಂತಾ ಹಡದು ಮೂರ ದಿನಾತು. ಹೆಣ್ಣ ಕೂಸು. ಈ ಸರ್ತೀನೂ ಹಾಲ ಬರವಲ್ದು, ಮೈ ಬ್ಯಾರೆ ಕಾದೈತಿ. ಅಕಿ ನಿನ್ನ ಕರಿ ಅಂದಿಲ್ಲ. ನಾನ ಬಂದೇನಿ. ಮಧ್ಯಾಹ್ನದ ರೈಲ ಗಾಡಿಗೆ ಹೋಗೂಣು ಬಾ.”

ಬಾಳವ್ವನ ಅಂಗೈಯಲ್ಲಿ ಆಗಷ್ಟೇ ತಿಕ್ಕಿದ ಬೆಳ್ಳುಳ್ಳಿ ಇತ್ತು. ಅದನ್ನು ಹಿಡಿದುಕೊಂಡೇ ನನ್ನ ಕಿಟಕಿಯತ್ತ ನೋಡಿದಳು. ನನ್ನ ನಲವತ್ತಕ್ಕೆ ಇನ್ನೂ ಇಪ್ಪತ್ತೆರಡು ದಿನ ಬಾಕಿ ಇದ್ದವು.

“ಹೋಗಬ್ಯಾಡ ಬಾಳವ್ವಾ,” ಎಂದೆ ನಾನು. “ನನ್ನ ಕೂಸಿನ ಗತಿ ಏನು?”

ಹೌದು, ಆ ಮಾತು ಆಡಿದ ಬಾಯಿ ಇದೇ. ಎಲ್ಲ ತಿಳಿದೂ ಆಡಿದೆ. ಮಡಿಲಲ್ಲಿ ಕೂಸು ಹಾಲು ಕುಡಿಯುತ್ತಿತ್ತು, ಕೈ ಬದಲಾದರೆ ಆ ಹಾಲು ಬತ್ತುತ್ತದೆ ಎಂದು ಊರೇ ಹೇಳುತ್ತಿತ್ತು. ನನ್ನ ಕೂಸಿನ ಮುಂದೆ ಖಾನಾಪುರದ ಇನ್ನೊಂದು ಕೂಸು ನನಗೆ ಕಾಣಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಬಾಳವ್ವ ಎದ್ದು ಹಿತ್ತಲ ಬಾಗಿಲಿಗೆ ಹೋಗಿ, ಜಪ ಮಾಡುತ್ತಿದ್ದ ಅತ್ತೆಯ ಮುಂದೆ ಹೊಸ್ತಿಲ ಹೊರಗೆ ಕೂತಳು.

“ಬಾಯಾರ, ಕೈ ಬದಲಾದರ ಏನೂ ಆಗೂದಿಲ್ರಿ.”

“ಏನಂದಿ?”

“ಆ ಮಾತು ಹಿರಿಯಾರು ಹೇಳಿದ್ದಲ್ರಿ, ನಾ ಕಟ್ಟಿದ್ದು. ಈ ಊರಿಗೆ ಬಂದ ಹೊಸದಾಗ ಒಂದ ಮನ್ಯಾಗ ಹತ್ತ ದಿನಾ ನನ್ನ ಕಡೆ ಮಾಡಿಸಿಕೊಂಡು, ನೋಡಿ ಕಲತು, ಇನ್ನ ಬ್ಯಾಡ ಅಂದ್ರು. ಕಾಂತಾ ಸಣ್ಣಾಕಿ. ಎರಡ ದಿನಾ ಬರೇ ನೀರ ಕುಡದು ಮಲಗಿದ್ವಿ. ಮುಂದಿನ ಮನ್ಯಾಗ ಈ ಮಾತ ಹೇಳಿದ್ನಿ. ಅವರು ನಂಬಿದ್ರು. ಆಮ್ಯಾಲ ಊರ ನಂಬಿತು.”

ನನಗೆ ತಡೆಯಲಾಗಲಿಲ್ಲ. “ಹಂಗಾರ ಆ ವಕೀಲರ ಮನಿ ಬಿಟ್ಟು ಹೋಗಬಹುದಿತ್ತಲ್ಲ!” ಎಂದೆ ಕಿಟಕಿಯಿಂದಲೇ.

“ಹೋಗಿದ್ರ ಅವರ ಸೊಸಿ ಹಾಲು ಬತ್ತತಿದ್ದಿಲ್ಲ ಮಗಳ, ನನ್ನ ಸುಳ್ಳು ಹೊರಗ ಬೀಳತಿತ್ತು. ನಾಳೆ ಯಾರು ಕರೀತಾರಂತ ಅಂಜಿದ್ನಿ. ಸುಳ್ಳ ಉಳಿಸಿಕೊಂಡ್ನಿ, ಮೊಮ್ಮಗನ್ನ ಕಳಕೊಂಡ್ನಿ.”

ಮಾಡಿದ್ದುಣ್ಣೋ ಮಹರಾಯ ಎಂದು ಗಾದೆ ಹೇಳುವುದು ಸುಲಭ. ಉಣ್ಣುವವರ ಮುಖವನ್ನು ಅಂದು ಕಂಡ ಮೇಲೆ ನಾನು ಆ ಗಾದೆಯನ್ನು ಯಾರಿಗೂ ಹೇಳಿಲ್ಲ.

ಅತ್ತೆ ಈಗ ಮನೆಯ ಸೂರು ಹಾರುವಂತೆ ಕೂಗುತ್ತಾರೆ ಎಂದುಕೊಂಡೆ. ಸುಳ್ಳು ಹೇಳಿದವರನ್ನು ಅವರು ಬಿಟ್ಟವರಲ್ಲ, ಮಗನನ್ನೂ ಬಿಟ್ಟಿರಲಿಲ್ಲ. ಅವರು ಜಪಮಾಲೆಯನ್ನು ಗೋಡೆಯ ಮೊಳೆಗೆ ಹಾಕಿದರು. ಆಮೇಲೆ ನನ್ನ ಕಿಟಕಿಯತ್ತ ಬೆರಳು ತೋರಿಸಿದರು.

“ಇಕಿಗೆ ತಾಯಿ ಇಲ್ಲ. ನಿನ್ನ ಮಗಳಿಗೆ ಇದ್ದಾಳ. ಇದ್ದೂ ಇಲ್ಲದಂಗ ಮಾಡಬ್ಯಾಡ. ಹೋಗು.”

ಬಾಳವ್ವ ಏಳಲಾರದೆ ಕೂತೇ ಇದ್ದಳು. ಅತ್ತೆ ಸೆರಗು ಬಿಗಿದು, ಹೊಸ್ತಿಲು ದಾಟಿ ಹಿತ್ತಲಿಗೆ ಇಳಿದು, ಆ ಮೂರು ಕಲ್ಲುಗಳ ಮುಂದೆ ಕುಕ್ಕರಗಾಲಲ್ಲಿ ಕೂತರು.

“ಹೋಗೂಕಿಂತ ಮೊದಲ ಹೇಳು. ಇದನ್ನ ಹ್ಯಾಂಗ ಸುಲೀತಾರ?”

“ಅಯ್ಯ, ನೀವು ಮುಟ್ಟಿದ್ರ ಮೈಲಿಗಿ ಆಕ್ಕೈತ್ರಿ ಬಾಯಾರ!”

“ಬಾವ್ಯಾಗ ನೀರು ಅದ,” ಎಂದರು ಅತ್ತೆ.

ಐವತ್ತೆಂಟು ವರ್ಷದ ಅವರು ಅಂದು ಮೊದಲ ಸಲ ಬೆಳ್ಳುಳ್ಳಿ ಮುಟ್ಟಿದರು. ಹಲ್ಲಿಯ ಬಾಲ ಹಿಡಿದವರಂತೆ ಎರಡೇ ಬೆರಳಲ್ಲಿ ಹಿಡಿದಿದ್ದರು. ಎಷ್ಟು ಎಸಳು, ಎಷ್ಟು ಉರಿ, ಬೆಲ್ಲ ಯಾವಾಗ, ಎಲ್ಲವನ್ನೂ ಬಾಳವ್ವ ಹೇಳಿದಳು, ಅತ್ತೆ ಮಂತ್ರ ಕಲಿಯುವಂತೆ ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದರು. ಕೊನೆಗೆ ಒಂದು ಗಿಂಡಿ ತುಪ್ಪ ತಂದು ದುಂಡಪ್ಪನ ಕೈಗೆ ಕೊಟ್ಟರು. ಈ ಸಲ ಮೇಲಿನಿಂದ ಸುರಿಯಲಿಲ್ಲ, ಗಿಂಡಿಯನ್ನೇ ಕೊಟ್ಟರು. ನನ್ನ ಗಂಡ ಸಾಲೆಗೆ ಚಕ್ಕರ್ ಹಾಕಿ ಅವರಿಬ್ಬರನ್ನೂ ಸ್ಟೇಶನ್ನಿಗೆ ಕರೆದೊಯ್ದು ಗಾಡಿ ಹತ್ತಿಸಿ ಬಂದರು. ಹೊರಡುವಾಗ ಬಾಳವ್ವ ಕಿಟಕಿಯ ಹತ್ತಿರ ಬಂದಳು. ನನಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಸರಳಿನೊಳಗಿಂದ ಕೈ ತೂರಿಸಿ ನನ್ನ ತಲೆ ಸವರಿ ಹೋದಳು.

ಅಂದು ಸಂಜೆ ಅತ್ತೆಯ ಮೊದಲ ಅಡುಗೆ. ಎಲ್ಲ ಹೇಳಿದ್ದ ಬಾಳವ್ವ ಒಂದು ಮಾತು ಹೇಳಿರಲಿಲ್ಲ, ಏಕೆಂದರೆ ಅದನ್ನು ಹೇಳಬೇಕೆಂದು ಯಾರಿಗೂ ತೋಚುವುದಿಲ್ಲ. ಮಡಿಯವರ ಕೈಯಲ್ಲಿ ತೊಳೆಯದೆ ಒಲೆಗೇರುವ ವಸ್ತುವಿಲ್ಲ. ಅತ್ತೆ ಸುಲಿದ ಬೆಳ್ಳುಳ್ಳಿಯನ್ನು ಮೂರು ನೀರಿನಲ್ಲಿ ತೊಳೆದರು, ನಾಲ್ಕನೆಯ ನೀರಿನಲ್ಲಿ ನೆನೆಯಿಟ್ಟರು, ಆಮೇಲೆ ತೊಟ್ಟಿಕ್ಕುತ್ತಿದ್ದುದನ್ನು ಹಾಗೇ ಕಾದ ತುಪ್ಪಕ್ಕೆ ಸುರಿದರು. ಪಟಾಕಿ ಹೊಡೆದಂತಾಯಿತು. ತುಪ್ಪ ಸಿಡಿದು ಮುಂಗೈ ತುಂಬ ಬೊಬ್ಬೆ ಎದ್ದವು. ನನ್ನ ಗಂಡ ಓಡಿ ಬಂದರು.

“ಏನಾತು ಆಯಿ?”

“ಏನಿಲ್ಲ. ರಾಹು ಕಚ್ಚಿದ,” ಎಂದು ಅತ್ತೆ ಕೈಗೆ ಊದಿಕೊಂಡರು. ಅವರು ಹಾಸ್ಯ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ಸಂಜೆಯಿಂದ ನಲವತ್ತು ಮುಗಿಯುವವರೆಗೆ ದಿನಕ್ಕೆರಡು ಸಲ ಹುರಿದರು. ಎರಡು ಸಲವೂ ಆ ಚಳಿಯಲ್ಲಿ ಬಾವಿಯ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡರು. ನಡುಗುವ ಹಲ್ಲಿನಿಂದ ಸ್ತೋತ್ರ ಹೇಳುವುದು ನನಗೆ ಕೋಣೆಯೊಳಗೆ ಕೇಳುತ್ತಿತ್ತು. ನನ್ನ ಹಾಲು ಬತ್ತಲಿಲ್ಲ.

ಗಲ್ಲಿಯ ಹೆಂಗಸರು ಸುಮ್ಮನಿರುತ್ತಾರೆಯೇ? ಕೈ ಬದಲಾಯಿತಂತೆ, ಬಾಳವ್ವ ನಡುವೆ ಬಿಟ್ಟು ಹೋದಳಂತೆ ಎಂದು ಕೇಳಲು ಬಂದರು. ಹುಟ್ಟಿದಾಗಿನಿಂದ ಸುಳ್ಳಾಡದ ನನ್ನ ಅತ್ತೆ ಮುಖ ಗಂಟಿಕ್ಕಿ ಹೇಳಿದರು: “ಹಂಗೆಲ್ಲಾ ಬಿಟ್ಟು ಹೋಗಿಲ್ಲ. ನನ್ನ ಕೈಮ್ಯಾಲೆ ನೀರು ಬಿಟ್ಟು ಧಾರಿ ಎರದು ಕೊಟ್ಟು ಹೋಗ್ಯಾಳ. ಧಾರಿ ಎರದರ ಕೈ ಬದಲಿ ನಡೀತದ.” ಅಂದಿನಿಂದ ನಮ್ಮ ಗಲ್ಲಿಯಲ್ಲಿ ಅದೂ ಶಾಸ್ತ್ರವಾಯಿತು. ಬಾಳವ್ವನ ಸುಳ್ಳಿಗೆ ಅತ್ತೆ ಒಂದು ಕಿಟಕಿ ಇಟ್ಟುಕೊಟ್ಟರು. ಅವಳ ಅನ್ನವೂ ಉಳಿಯಿತು.

ಖಾನಾಪುರದಲ್ಲಿ ಏನಾಯಿತೆಂದು ಬಾಳವ್ವ ನನಗೆ ಹೇಳಿದ್ದು ಮೂರು ವರ್ಷದ ಮೇಲೆ, ನನ್ನ ಎರಡನೆಯ ಬಾಣಂತನದಲ್ಲಿ, ಅದೇ ಹಿತ್ತಲಲ್ಲಿ ಸುಲಿಯುತ್ತ ಕೂತಾಗ.

ಅವಳು ಹೋದಾಗ ಕಾಂತಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಪಕ್ಕದಲ್ಲಿ ಅರಿವೆಯ ಗಂಟಿನಂಥ ಕೂಸು. ಬಾಳವ್ವ ಇಬ್ಬರನ್ನೂ ಮುಟ್ಟಲಿಲ್ಲ. ಹೊರಗೆ ಬಂದು ಕಲ್ಲು ಹೂಡಿ, ಐದು ಎಸಳು ಹುರಿದು, ಎಲೆಯಲ್ಲಿಟ್ಟು ತಂದಳು.

“ಎದ್ದು ಕುಂದರು, ಮಗಳ.”

ಕಾಂತಾ ತಿರುಗಲಿಲ್ಲ. “ನೀ ಯಾಕ ಬಂದಿ? ಅಲ್ಲಿ ಹಾಲ ಬತ್ತೂದಿಲ್ಲೇನು?”

ಗಾಡಿಯಲ್ಲಿ ಕೂತು ಈ ಪ್ರಶ್ನೆಗೆ ಬಾಳವ್ವ ಹತ್ತು ಉತ್ತರ ಜೋಡಿಸಿಕೊಂಡಿದ್ದಳಂತೆ. ಎಲ್ಲ ಬಿಟ್ಟು ಇದ್ದದ್ದನ್ನೇ ಹೇಳಿದಳು.

“ಬತ್ತೂದಿಲ್ಲ. ಆವತ್ತೂ ಬತ್ತತಿದ್ದಿಲ್ಲ. ಅದು ನಾ ಹೊಟ್ಟಿಪಾಡಿಗೆ ಹೇಳಿದ ಸುಳ್ಳು.”

ಕಾಂತಾ ತಿರುಗಿದಳು. ತಾಯಿಯ ಕೈಯಲ್ಲಿದ್ದ ಎಲೆಗೆ ಹೊಡೆದಳು, ಬೆಳ್ಳುಳ್ಳಿ ನೆಲದ ತುಂಬ ಚೆಲ್ಲಿತು. ಎದ್ದು ಕೂತು ಎರಡೂ ಮುಷ್ಟಿಯಿಂದ ತಾಯಿಯ ಎದೆಗೆ ಗುದ್ದಿದಳು. “ಒಂಬತ್ತ ದಿನಾ! ಒಂಬತ್ತ ದಿನಾ ಬಾಗಲಾ ನೋಡಿಕೋತ ಕುಂತಿದ್ನಿ ನಾ!” ಬಾಳವ್ವ ತಡೆಯಲಿಲ್ಲ. ಕೈ ಸೋತ ಮೇಲೆ ಮಗಳು ಅಳಲು ಶುರುಮಾಡಿದಳು, ಅವಳ ದನಿಗೆ ಕೂಸೂ ಎದ್ದು ಅತ್ತಿತು.

ಬಾಳವ್ವ ಹೊರಗೆ ಹೋಗಿ ಮತ್ತೆ ಐದು ಎಸಳು ಸುಲಿದು ಹುರಿದಳು. ಎಲೆ ಹಿಡಿದು ಬಂದು ಮಗಳ ಮುಂದೆ ಕೂತಳು.

ಕಾಂತಾ ಸೆರಗಿನಿಂದ ಮೂಗೊರೆಸಿಕೊಂಡಳು. “ಎಷ್ಟ ದಿನಾ ಇರ್ತಿ?”

“ನಲವತ್ತು.”

ಬಾಳವ್ವ ಒಂದು ಎಸಳನ್ನು ಎತ್ತಿ ಮಗಳ ತುಟಿಗೆ ಹಿಡಿದಳು. ಕಾಂತಾ ಬಾಯಿ ತೆರೆದಳು.